ಫಾರ್ಮ್ಯಾಟ್ ಹೊಡೆಸುವ ಮುನ್ನ: ಕೈಕೊಟ್ಟ ಕಂಪ್ಯೂಟರ್‌ನಿಂದ ಫೈಲ್ ಉಳಿಸಿಕೊಂಡು ಲಿನಕ್ಸ್ ಹಾಕಿಕೊಳ್ಳುವ ಬಗೆ

ಕಂಪ್ಯೂಟರ್ ಓಪನ್ ಆಗುತ್ತಿಲ್ಲ ಎಂದು ಅಂಗಡಿಗೆ ಒಯ್ದರೆ ಬಹಳ ಸಲ ಸಿಗುವ ಉತ್ತರ ಒಂದೇ: 'ಫಾರ್ಮ್ಯಾಟ್ ಹೊಡೀಬೇಕು'. ಎಷ್ಟೋ ಸಲ ಅದು ಸರಿಯೂ ಹೌದು. ಆದರೆ ಸಿ ಡ್ರೈವ್ ಫಾರ್ಮ್ಯಾಟ್ ಆದರೆ ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದ ಮದುವೆ ಫೋಟೊ, ಮಕ್ಕಳ ಪ್ರಾಜೆಕ್ಟ್, ಸಂಘದ ಲೆಕ್ಕಪತ್ರ, ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ನಮ್ಮಲ್ಲಿ ಹೆಚ್ಚಿನವರು ಮುಖ್ಯವಾದದ್ದನ್ನೆಲ್ಲ ಇಡುವುದು ಡೆಸ್ಕ್‌ಟಾಪ್‌ನಲ್ಲೇ. ಅದು ಇರುವುದು ಸಿ ಡ್ರೈವ್‌ನಲ್ಲೇ.

ವಿಂಡೋಸ್ ಕೆಟ್ಟಿದೆ ಎಂದ ಮಾತ್ರಕ್ಕೆ ಡಿಸ್ಕ್ ಕೆಟ್ಟಿದೆ ಎಂದಲ್ಲ. ವಿಂಡೋಸ್‌ನ ಹಂಗಿಲ್ಲದೆಯೂ ಆ ಡಿಸ್ಕನ್ನು ಓದಬಹುದು. ಅದಕ್ಕೆ ಬೇಕಿರುವುದು 8 ಜಿಬಿಯ ಒಂದು ಪೆನ್‌ಡ್ರೈವ್, ಅದರಲ್ಲೊಂದು ಲಿನಕ್ಸ್, ಅಂದರೆ ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ. ಹಾಗಾಗಿ ಈ ಲೇಖನದ ಕ್ರಮ ಹೀಗಿದೆ: ಮೊದಲು ಫೈಲ್ ಹೊರತೆಗೆಯುವುದು, ಆಮೇಲೆ ರಿಪೇರಿ, ಕೊನೆಗೆ ಆ ಕಂಪ್ಯೂಟರ್‌ನಲ್ಲಿ ಯಾವ ಓಎಸ್ (ಆಪರೇಟಿಂಗ್ ಸಿಸ್ಟಂ) ಇರಬೇಕು ಎಂಬ ತೀರ್ಮಾನ. ಈ ಕ್ರಮ ತಿರುವುಮುರುವು ಆದಾಗಲೇ ಫೈಲ್‌ಗಳು ಕಳೆದುಹೋಗುವುದು.

ಎಲ್ಲಿಗೆ ಬಂದು ನಿಲ್ಲುತ್ತಿದೆ?

'ಆನ್ ಆಗ್ತಿಲ್ಲ' ಎನ್ನುವುದರಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ತೊಂದರೆಗಳಿವೆ. ಪವರ್ ಬಟನ್ ಒತ್ತಿದ ಮೇಲೆ ಏನೇನಾಗುತ್ತದೆ ಎಂದು ಒಂದು ನಿಮಿಷ ಸುಮ್ಮನೆ ಗಮನಿಸಿ.

ಲೈಟೂ ಇಲ್ಲ, ಫ್ಯಾನ್ ಸದ್ದೂ ಇಲ್ಲ ಎಂದರೆ ಕರೆಂಟಿನ ಸಮಸ್ಯೆ. ಅದೇ ಪ್ಲಗ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಡೆಸ್ಕ್‌ಟಾಪ್ ಆದರೆ ಹಿಂದುಗಡೆ ಎಸ್‌ಎಂಪಿಎಸ್ ಎಂಬ ಪವರ್ ಪೆಟ್ಟಿಗೆಯ ಮೇಲಿನ ಸ್ವಿಚ್ ಆನ್ ಇದೆಯೇ ನೋಡಿ, ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್‌ಗೆ ಕೊಟ್ಟು ನೋಡಿ; ಬ್ಯಾಟರಿ ಸತ್ತ ಯುಪಿಎಸ್‌ನಿಂದಾಗಿ ಕಂಪ್ಯೂಟರ್ ಮೇಲೆ ಅಪವಾದ ಬರುವುದು ಸಾಮಾನ್ಯ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆಯಿರಿ, ಹೊರಗಿನಿಂದ ಬಿಚ್ಚುವಂಥ ಬ್ಯಾಟರಿಯಾದರೆ ಅದನ್ನೂ ತೆಗೆಯಿರಿ, ಪವರ್ ಬಟನ್ನನ್ನು ಮೂವತ್ತು ಸೆಕೆಂಡ್ ಒತ್ತಿ ಹಿಡಿದು ಬಿಡಿ, ಮತ್ತೆ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ಬೋರ್ಡಿನಲ್ಲಿ ಉಳಿದಿದ್ದ ಚಾರ್ಜ್ ಇಳಿದು ಎಷ್ಟೋ ಲ್ಯಾಪ್‌ಟಾಪ್‌ಗಳು ಇಷ್ಟಕ್ಕೇ ಎದ್ದು ಕೂರುತ್ತವೆ.

ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಆಗ ಲ್ಯಾಪ್‌ಟಾಪ್‌ನ ಎಚ್‌ಡಿಎಂಐ ಕೇಬಲ್ಲನ್ನು ಮನೆಯ ಟಿವಿಗೆ ಜೋಡಿಸಿ. ಅಲ್ಲಿ ಚಿತ್ರ ಬಂದರೆ ಕೆಟ್ಟಿರುವುದು ಡಿಸ್‌ಪ್ಲೇ ಅಷ್ಟೇ, ಒಳಗೆ ಎಲ್ಲ ಸರಿಯಿದೆ. ಅಲ್ಲೂ ಬಾರದಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಕರೆಂಟ್ ಪೂರ್ತಿ ಕಳಚಿ, ರ‍್ಯಾಮ್ ಪಟ್ಟಿ ಹೊರತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, 'ಟಕ್' ಎನ್ನುವವರೆಗೆ ಒತ್ತಿ ಕೂರಿಸಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಕರಾವಳಿಯ ತೇವಕ್ಕೂ ಬಯಲುಸೀಮೆಯ ಧೂಳಿಗೂ ಈ ಅಂಚು ಬೇಗ ಮಾಸುತ್ತದೆ.

ಕಂಪನಿಯ ಲೋಗೊ ಬಂದು, ಆಮೇಲೆ ಕಪ್ಪು ಪರದೆಯಲ್ಲಿ 'ನೋ ಬೂಟಬಲ್ ಡಿವೈಸ್' ಎಂದು ಬಂದರೆ, ಮೊದಲು ಯಾವುದಾದರೂ ಪೆನ್‌ಡ್ರೈವ್ ಸಿಕ್ಕಿಸಿದ್ದರೆ ತೆಗೆಯಿರಿ. ಆಮೇಲೆ ಬಯೋಸ್ (ವಿಂಡೋಸ್‌ಗೂ ಮೊದಲು ಏಳುವ, ಬೋರ್ಡಿನಲ್ಲೇ ಇರುವ ಸೆಟ್ಟಿಂಗ್ ಪರದೆ) ತೆರೆದು ಡಿಸ್ಕಿನ ಹೆಸರು ಅಲ್ಲಿ ಕಾಣುತ್ತಿದೆಯೇ ನೋಡಿ. ಕಂಡರೆ ಬೂಟ್ ಫೈಲ್‌ಗಳಷ್ಟೇ ಕೆಟ್ಟಿರುವ ಸಾಧ್ಯತೆ ಹೆಚ್ಚು. ಕಾಣದಿದ್ದರೆ ಕೇಬಲ್ ಸಡಿಲವಾಗಿದೆ ಅಥವಾ ಡಿಸ್ಕೇ ಹೋಗಿದೆ.

ನಾಲ್ಕನೆಯದು, ವಿಂಡೋಸ್ ಶುರುವಾಗಿ ಚುಕ್ಕೆಗಳು ಸುತ್ತುತ್ತಲೇ ಇರುವುದು ಅಥವಾ ನೀಲಿ ಪರದೆ (ಹೊಸ ವಿಂಡೋಸ್ 11ರಲ್ಲಿ ಕಪ್ಪು) ಬರುವುದು. ನೀಲಿ ಪರದೆ ಕಂಡರೆ ಕೆಳಗಿರುವ ಸ್ಟಾಪ್ ಕೋಡನ್ನು ಮೊಬೈಲ್‌ನಲ್ಲಿ ಫೋಟೊ ಹಿಡಿದಿಟ್ಟುಕೊಳ್ಳಿ. ಗಾಬರಿ ಬೇಡ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಅವುಗಳ ಡಿಸ್ಕ್‌ನಲ್ಲಿದ್ದ ಫೈಲ್‌ಗಳಿಗೆ ಏನೂ ಆಗಿರಲಿಲ್ಲ. ಸೇಫ್ ಮೋಡ್‌ಗೆ (ಅತ್ಯಗತ್ಯ ಭಾಗಗಳಷ್ಟರಿಂದಲೇ ವಿಂಡೋಸ್ ಏಳುವ ಸ್ಥಿತಿಗೆ) ಹೋಗಿ ಒಂದು ಫೈಲ್ ಅಳಿಸಿದರೆ ಯಂತ್ರ ಮೊದಲಿನಂತೆ ಏಳುತ್ತಿತ್ತು.

ಇನ್ನೊಂದು ಸಣ್ಣ ಲಕ್ಷಣವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಂಪ್ಯೂಟರ್ ಚೆನ್ನಾಗಿಯೇ ಇದೆ, ನೆಟ್ ಕೂಡ ಇದೆ, ಆದರೆ ಯಾವ ವೆಬ್‌ಸೈಟ್ ತೆರೆದರೂ 'ಈ ಸಂಪರ್ಕ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ. ಮೂಲೆಯಲ್ಲಿರುವ ತಾರೀಕು ನೋಡಿ. ಎಷ್ಟೋ ವರ್ಷ ಹಿಂದಿನದು ತೋರಿಸುತ್ತಿದ್ದರೆ ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಮುಗಿದಿದೆ. ವೆಬ್‌ಸೈಟ್‌ಗಳ ಸರ್ಟಿಫಿಕೇಟ್ ತಾರೀಕಿಗೆ ತಾಳೆಯಾಗದೆ ಬ್ರೌಸರ್ ತಡೆಯುತ್ತದೆ. ಸಿಆರ್ 2032 ಎಂದು ಕೇಳಿದರೆ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಇದಕ್ಕಾಗಿ ವಿಂಡೋಸ್ ಫಾರ್ಮ್ಯಾಟ್ ಮಾಡಿಸಿಕೊಂಡವರೂ ಇದ್ದಾರೆ.

ಪೆನ್‌ಡ್ರೈವ್ ಸಿದ್ಧ ಮಾಡುವುದು

ಇದಕ್ಕೆ ಸರಿಯಿರುವ ಇನ್ನೊಂದು ಕಂಪ್ಯೂಟರ್ ಬೇಕು, ಸ್ನೇಹಿತರದ್ದಾದರೂ ಸರಿ. ಲಿನಕ್ಸ್‌ನಲ್ಲಿ ಬಗೆಬಗೆಯವು ಇವೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆದದ್ದು ಕರ್ನಲ್ ಎಂಬ ತಿರುಳು ಮಾತ್ರ. ಅದರ ಸುತ್ತ ಡೆಸ್ಕ್‌ಟಾಪ್, ಆಫೀಸ್, ಬ್ರೌಸರ್ ಎಲ್ಲ ಜೋಡಿಸಿ ಕೊಡುವ ಕಟ್ಟುಗಳಿಗೆ ಡಿಸ್ಟ್ರೊ ಎನ್ನುತ್ತಾರೆ. ಡೆಬಿಯನ್, ಉಬುಂಟು, ಫೆಡೋರಾ, ಮಿಂಟ್ ಎಲ್ಲ ಡಿಸ್ಟ್ರೊಗಳೇ. ವಿಂಡೋಸ್‌ನಿಂದ ಬರುವವರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್. ಕೆಳಗೆ ಟಾಸ್ಕ್‌ಬಾರ್, ಎಡಮೂಲೆಯಲ್ಲಿ ಮೆನು. ಕೈಗೆ ಅಭ್ಯಾಸವಾದದ್ದು ಅಲ್ಲಲ್ಲೇ ಸಿಗುತ್ತದೆ. ಮಿಂಟ್ 22 ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ರ‍್ಯಾಮ್ 8 ಜಿಬಿ ಇದ್ದರೆ ಸಿನಮನ್ ಆವೃತ್ತಿ, 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ ಇಳಿಸಿಕೊಳ್ಳಿ. ಫೈಲ್ ಹೆಚ್ಚುಕಡಿಮೆ 3 ಜಿಬಿ ಇರುತ್ತದೆ.

ಮಿಂಟ್‌ನ ಸ್ವಂತ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ, ಇಳಿಸಿದ ಮೇಲೆ ಚೆಕ್‌ಸಮ್ (ಫೈಲ್ ಅಸಲಿಯೇ ಎಂದು ಗುರುತಿಸುವ ಅಕ್ಷರ, ಅಂಕಿಗಳ ಸಾಲು) ತಾಳೆ ನೋಡಿ. ಇದು ಬರೀ ಶಾಸ್ತ್ರಕ್ಕೆ ಹೇಳುವ ಮಾತಲ್ಲ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ವೆಬ್‌ಸೈಟಿಗೇ ಕನ್ನ ಹಾಕಿದವರು ಡೌನ್‌ಲೋಡ್ ಕೊಂಡಿಯನ್ನು ಹಿಂಬಾಗಿಲು ಇಟ್ಟಿದ್ದ ನಕಲಿ ಫೈಲಿಗೆ ತಿರುಗಿಸಿದ್ದರು. ಚೆಕ್‌ಸಮ್ ತಾಳೆ ನೋಡಿದರೆ ಇಂಥ ನಕಲಿ ಪತ್ತೆಯಾಗುವ ಸಾಧ್ಯತೆ ಹೆಚ್ಚು. ವಿಂಡೋಸ್‌ನಲ್ಲಿ ಪೆನ್‌ಡ್ರೈವ್ ತಯಾರಿಸಲು ಬಳಸುವ ರೂಫಸ್ ಎಂಬ ಪುಟ್ಟ ಉಚಿತ ಪ್ರೋಗ್ರಾಂನಲ್ಲೇ ಇದಕ್ಕೊಂದು ಟಿಕ್ ಗುರುತಿನ ಬಟನ್ ಇದೆ. ಇಳಿಸಿಕೊಂಡ ಐಎಸ್‌ಒ ಫೈಲ್ ಆರಿಸಿ ಅದನ್ನು ಒತ್ತಿದರೆ ಎಸ್‌ಎಚ್‌ಎ 256 ಎಂಬ ಉದ್ದನೆಯ ಸಾಲು ಬರುತ್ತದೆ. ಮಿಂಟ್ ಪುಟದಲ್ಲಿ ಕೊಟ್ಟಿರುವ ಸಾಲಿಗೂ ಇದಕ್ಕೂ ಒಂದಕ್ಷರ ವ್ಯತ್ಯಾಸ ಇರಬಾರದು.

ಆಮೇಲೆ ರೂಫಸ್‌ನಲ್ಲಿ ಸರಿಯಾದ ಪೆನ್‌ಡ್ರೈವ್ ಆರಿಸಿದ್ದೀರಾ ಎಂದು ಎರಡು ಸಲ ನೋಡಿ, ಸ್ಟಾರ್ಟ್ ಒತ್ತಿ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ನಡುವೆ ಯಾವ ಮೋಡ್ ಎಂದು ಕೇಳಿದರೆ ಶಿಫಾರಸು ಮಾಡಿದ್ದನ್ನೇ ಒಪ್ಪಿಕೊಳ್ಳಿ.

ಲೈವ್ ಬೂಟ್, ಫೈಲ್‌ಗಳ ಸ್ಥಳಾಂತರ

ಕೆಟ್ಟ ಕಂಪ್ಯೂಟರ್‌ಗೆ ಪೆನ್‌ಡ್ರೈವ್ ಸಿಕ್ಕಿಸಿ, ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಲಿಯನ್ನು ಬಿಟ್ಟು ಬಿಟ್ಟು ಒತ್ತುತ್ತಿರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್ 12. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್ 9. ಆಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್ 12 ಕೆಲಸ ಮಾಡಬೇಕಾದರೆ ಕೆಲವು ಮಾಡೆಲ್‌ಗಳಲ್ಲಿ ಬಯೋಸ್‌ಗೆ ಹೋಗಿ ಅದನ್ನು ಮೊದಲು ಆನ್ ಮಾಡಿರಬೇಕು. ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್‌ನ ಹೆಸರು ಆರಿಸಿ, 'ಸ್ಟಾರ್ಟ್ ಲಿನಕ್ಸ್ ಮಿಂಟ್' ಕೊಡಿ. ಪರದೆ ಕಪ್ಪಾಗಿಯೇ ಉಳಿದರೆ ಮತ್ತೆ ಶುರುಮಾಡಿ 'ಕಂಪ್ಯಾಟಿಬಿಲಿಟಿ ಮೋಡ್' ಆರಿಸಿ.

ಎರಡು ಮೂರು ನಿಮಿಷದಲ್ಲಿ ಪೂರ್ತಿ ಡೆಸ್ಕ್‌ಟಾಪ್ ಬರುತ್ತದೆ. ಇದು ಓಡುತ್ತಿರುವುದು ಪೆನ್‌ಡ್ರೈವ್‌ನಿಂದ ರ‍್ಯಾಮ್‌ಗೆ ಏರಿ. ನಿಮ್ಮ ಡಿಸ್ಕ್ ಮೇಲೆ ಇದು ಇನ್ನೂ ಏನನ್ನೂ ಬರೆದಿಲ್ಲ. ಡೆಸ್ಕ್‌ಟಾಪ್ ಮೇಲೆ 'ಇನ್‌ಸ್ಟಾಲ್ ಲಿನಕ್ಸ್ ಮಿಂಟ್' ಎಂಬ ಐಕಾನ್ ಇರುತ್ತದೆ, ಸದ್ಯಕ್ಕೆ ಅದನ್ನು ಮುಟ್ಟಬೇಡಿ.

ಫೈಲ್ ಮ್ಯಾನೇಜರ್ ತೆರೆಯಿರಿ. ಎಡಗಡೆ ಸಿ, ಡಿ ಎಂಬ ಹೆಸರುಗಳಿರುವುದಿಲ್ಲ, '250 ಜಿಬಿ ವಾಲ್ಯೂಮ್' ಎಂಬಂತೆ ಗಾತ್ರ ಇರುತ್ತದೆ. ಒಂದೊಂದನ್ನೂ ಕ್ಲಿಕ್ಕಿಸಿ, 'ವಿಂಡೋಸ್', 'ಯೂಸರ್ಸ್' ಎಂಬ ಫೋಲ್ಡರ್‌ಗಳು ಯಾವುದರಲ್ಲಿವೆಯೋ ಅದೇ ಸಿ ಡ್ರೈವ್. ಕೆಲವೊಮ್ಮೆ ತೆರೆಯಲು ನಿರಾಕರಿಸುತ್ತದೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಶಟ್‌ಡೌನ್ ಮಾಡಿದರೂ ಅರ್ಧ ನಿದ್ದೆಯಲ್ಲಿ ಉಳಿಯುವುದು ಇದಕ್ಕೆ ಕಾರಣ. ಆಗ 'ಡಿಸ್ಕ್ಸ್' ಎಂಬ ಆಪ್ ತೆರೆದು, ಆ ಪಾರ್ಟಿಶನ್ (ಡಿಸ್ಕಿನ ಭಾಗ) ಆರಿಸಿ, ಗೇರ್ ಗುರುತಿನಲ್ಲಿ 'ಎಡಿಟ್ ಮೌಂಟ್ ಆಪ್ಶನ್ಸ್'ಗೆ ಹೋಗಿ, ಅಲ್ಲಿನ ಡೀಫಾಲ್ಟ್ ಸ್ವಿಚ್ ಆಫ್ ಮಾಡಿ, ಆಪ್ಶನ್‌ಗಳ ಸಾಲಿನಲ್ಲಿ ಕಾಮಾ ಹಾಕಿ ಆರ್, ಒ ಎಂಬ ಎರಡು ಇಂಗ್ಲಿಷ್ ಅಕ್ಷರ ಸೇರಿಸಿ. ಓದಲು ಮಾತ್ರ ಎಂದು ಇದರ ಅರ್ಥ. ನಮಗೆ ಬೇಕಿರುವುದೂ ಅಷ್ಟೇ. ಬರೆಯಲು ಅವಕಾಶವಿಲ್ಲದಿದ್ದರೆ ಕೈತಪ್ಪಿ ಏನನ್ನೂ ಅಳಿಸಲಾಗದು, ಆದ್ದರಿಂದ ಇದೇ ಹೆಚ್ಚು ಸುರಕ್ಷಿತ.

ಬಿಟ್‌ಲಾಕರ್ ಎಂಬ ವಿಂಡೋಸ್‌ನ ಗೂಢಲಿಪಿ ಬೀಗ ಹಾಕಿದ ಡ್ರೈವ್ ಆದರೆ ಪಾಸ್‌ವರ್ಡ್ ಅಥವಾ ಕೀ ಕೇಳುತ್ತದೆ. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನೀವು ಕೇಳದಿದ್ದರೂ ಇದು ಆನ್ ಆಗಿರಬಹುದು. 48 ಅಂಕಿಗಳ ಆ ರಿಕವರಿ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿರುತ್ತದೆ. ಮೊಬೈಲ್‌ನಿಂದಲೇ ಲಾಗಿನ್ ಆಗಿ ಡಿವೈಸ್‌ಗಳ ಪಟ್ಟಿಯಲ್ಲಿ ಹುಡುಕಿ ಬರೆದಿಟ್ಟುಕೊಳ್ಳಿ. ಕೀ ಇಲ್ಲದೆ ಆ ಡ್ರೈವ್ ಯಾರಿಂದಲೂ ತೆರೆಯಲಾಗದು. ಸಿಕ್ಯೂರ್ ಬೂಟ್‌ನಂಥ (ಸಹಿಯಿಲ್ಲದ ಓಎಸ್ ಏಳದಂತೆ ತಡೆಯುವ) ಬಯೋಸ್ ಸೆಟ್ಟಿಂಗ್ ಬದಲಿಸಿದಾಗಲೂ ವಿಂಡೋಸ್ ಇದೇ ಕೀ ಕೇಳಬಹುದು. ಹಾಗಾಗಿ ಬಯೋಸ್‌ಗೆ ಕೈಹಾಕುವ ಮುನ್ನವೇ ಕೀ ಕೈಯಲ್ಲಿರಲಿ.

ಇನ್ನು ಏನೇನು ತೆಗೆದುಕೊಳ್ಳಬೇಕು? 'ಯೂಸರ್ಸ್' ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಇದೆ. ಅದರಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, ವಿಡಿಯೋಸ್. ಡೆಸ್ಕ್‌ಟಾಪ್ ಖಾಲಿ ಕಂಡರೆ ಎದೆ ಧಸಕ್ ಎನ್ನುತ್ತದೆ. ಪಕ್ಕದಲ್ಲಿರುವ 'ಒನ್‌ಡ್ರೈವ್' ಫೋಲ್ಡರ್ ಒಳಗೆ ಇನ್ನೊಂದು ಡೆಸ್ಕ್‌ಟಾಪ್ ಇರುತ್ತದೆ, ಈಚಿನ ವಿಂಡೋಸ್ ಎಷ್ಟೋ ಸಲ ನಿಮ್ಮ ಫೈಲ್‌ಗಳನ್ನು ಅಲ್ಲಿಗೆ ಸಾಗಿಸಿರುತ್ತದೆ. ಟ್ಯಾಲಿ ಬಳಸುವವರು ಅದರ ಡೇಟಾ ಫೋಲ್ಡರ್ ಹುಡುಕಿ. 'ಯೂಸರ್ಸ್' ಒಳಗಿನ 'ಪಬ್ಲಿಕ್'ನಲ್ಲೂ ನೋಡಿ. ಒಂದೊಂದು ಕಂಪನಿಗೂ ಬರೀ ಅಂಕಿಗಳ ಹೆಸರಿನ ಒಂದೊಂದು ಫೋಲ್ಡರ್ ಇರುತ್ತದೆ. ಅವನ್ನು ಇಡಿಯಾಗಿ ಕಾಪಿ ಮಾಡಿ.

ವಿಂಡೋಸ್‌ನಲ್ಲಿ ಮರೆಯಲ್ಲಿರುವ 'ಆಪ್‌ಡೇಟಾ' ಫೋಲ್ಡರ್ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ನೇರವಾಗಿ ಕಾಣುತ್ತದೆ. ಬ್ರೌಸರ್‌ನ ಬುಕ್‌ಮಾರ್ಕ್‌ಗಳು ಅದರೊಳಗೇ ಇವೆ. ಫೈರ್‌ಫಾಕ್ಸ್‌ನ ಪ್ರೊಫೈಲ್ ಫೋಲ್ಡರ್ ಕಾಪಿ ಮಾಡಿಕೊಂಡರೆ ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಜೊತೆಗೆ ಬರುತ್ತವೆ. ಕ್ರೋಮ್‌ನ ಪಾಸ್‌ವರ್ಡ್‌ಗಳು ಹಾಗೆ ಬರುವುದಿಲ್ಲ, ಅವುಗಳ ಬೀಗ ಆ ವಿಂಡೋಸ್ ಲಾಗಿನ್‌ಗೇ ಅಂಟಿಕೊಂಡಿರುತ್ತದೆ. ಗೂಗಲ್ ಅಕೌಂಟ್‌ಗೆ ಸಿಂಕ್ ಆಗಿದ್ದರೆ ಮಾತ್ರ ಅಲ್ಲಿಂದ ಮರಳಿ ಸಿಗುತ್ತವೆ.

ಕನ್ನಡದಲ್ಲಿ ಟೈಪ್ ಮಾಡುವವರು ಮರೆಯಬಾರದ ಇನ್ನೊಂದು ಜಾಗವಿದೆ: 'ವಿಂಡೋಸ್' ಒಳಗಿನ 'ಫಾಂಟ್ಸ್'. ಅಲ್ಲಿರುವ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಫಾಂಟ್‌ಗಳನ್ನೆಲ್ಲ ಕಾಪಿ ಮಾಡಿಕೊಳ್ಳಿ. ಯಾಕೆ ಎಂಬುದು ಕೊನೆಯ ಭಾಗದಲ್ಲಿದೆ.

ಕಾಪಿ ಮಾಡಲು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಅಥವಾ ದೊಡ್ಡ ಪೆನ್‌ಡ್ರೈವ್ ಜೋಡಿಸಿ. ಅದರ ಫಾರ್ಮ್ಯಾಟ್ ಫ್ಯಾಟ್ 32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಯುವುದಿಲ್ಲ; ಮದುವೆ ವಿಡಿಯೊ ಅರ್ಧಕ್ಕೆ ನಿಂತರೆ ಕಾರಣ ಅದೇ. ಎಕ್ಸ್‌ಫ್ಯಾಟ್ ಆಗಿದ್ದರೆ ಈ ತೊಂದರೆಯಿಲ್ಲ. ಮುಗಿದ ಮೇಲೆ 'ಇಜೆಕ್ಟ್' ಕೊಟ್ಟೇ ತೆಗೆಯಿರಿ. ನಂತರ ಬೇರೆ ಕಂಪ್ಯೂಟರ್‌ನಲ್ಲಿ ಹಾಕಿ ಹತ್ತಾರು ಫೈಲ್ ನಿಜವಾಗಿಯೂ ತೆರೆದು ನೋಡಿ. ಹೆಸರು ಕಾಣುತ್ತದೆ ಎಂದರೆ ಫೈಲ್ ಸರಿಯಿದೆ ಎಂದಲ್ಲ.

ಡಿಸ್ಕೇ ಸಾಯುತ್ತಿದ್ದರೆ

ಕಾಪಿಯ ವೇಗ ಕುಸಿಯುತ್ತಾ ಹೋಗಿ ನಿಂತೇಬಿಡುವುದು, 'ಇನ್‌ಪುಟ್ ಔಟ್‌ಪುಟ್ ಎರರ್' ಬರುವುದು ಡಿಸ್ಕ್ ಹೋಗುತ್ತಿರುವುದರ ಗುರುತು. 'ಡಿಸ್ಕ್ಸ್' ಆಪ್‌ನ ಮೆನುವಿನಲ್ಲಿ 'ಸ್ಮಾರ್ಟ್ ಡೇಟಾ' ತೆರೆಯಿರಿ. ಅಲ್ಲಿ 'ರೀಅಲೊಕೇಟೆಡ್ ಸೆಕ್ಟರ್', 'ಪೆಂಡಿಂಗ್ ಸೆಕ್ಟರ್' ಎಂಬ ಎರಡು ಸಾಲು ಸಾಕು. ಮೊದಲನೆಯದು ಕೆಟ್ಟ ಜಾಗ ಬಿಟ್ಟು ಬೇರೆಡೆಗೆ ಸರಿಸಿದ ಲೆಕ್ಕ, ಎರಡನೆಯದು ಓದಲು ಬಾರದೆ ಕಾಯುತ್ತಿರುವ ಜಾಗಗಳ ಲೆಕ್ಕ. ಈ ಅಂಕಿಗಳು ದಿನದಿನಕ್ಕೆ ಏರುತ್ತಿದ್ದರೆ ಆ ಡಿಸ್ಕನ್ನು ನಂಬಬೇಡಿ.

ಇಂಥ ಡಿಸ್ಕ್ ಮೇಲೆ ಚೆಕ್‌ಡಿಸ್ಕ್ ಎಂಬ ವಿಂಡೋಸ್‌ನ ಡಿಸ್ಕ್ ತಪಾಸಣೆ ಓಡಿಸುವುದು ಅನಾಹುತ. ಇಡೀ ಡಿಸ್ಕನ್ನು ತಡಕಾಡಿಸಿ, ಓದಲಾಗದ್ದನ್ನು 'ಸರಿಪಡಿಸಿ', ಸಿಗಬಹುದಾಗಿದ್ದ ಫೈಲನ್ನೂ ಕೆಡಿಸಿಬಿಡಬಹುದು. ಮೊದಲು ಅತಿ ಮುಖ್ಯವಾದ ಒಂದೆರಡು ಫೋಲ್ಡರ್ ಹೊರತೆಗೆಯಿರಿ. ಉಳಿದದ್ದಕ್ಕೆ ಡಿಡಿರೆಸ್ಕ್ಯೂ ಎಂಬ ಉಚಿತ ಸಲಕರಣೆ ಇದೆ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಓದಿ ಬೇರೆ ಡಿಸ್ಕಿನಲ್ಲಿ ಪ್ರತಿರೂಪ ಮಾಡಿಡುತ್ತದೆ, ಕೆಟ್ಟ ಭಾಗಕ್ಕೆ ಆಮೇಲೆ ಮರಳುತ್ತದೆ, ಎಲ್ಲಿಯವರೆಗೆ ಬಂದಿದೆ ಎಂಬ ನಕ್ಷೆಯನ್ನೂ ಬರೆದಿಡುತ್ತದೆ. ನಡುವೆ ಕರೆಂಟ್ ಹೋದರೆ ಬಿಟ್ಟಲ್ಲಿಂದ ಮುಂದುವರಿಸಬಹುದು.

ಡಿಸ್ಕ್ ಒಳಗಿಂದ 'ಟಿಕ್ ಟಿಕ್' ಸದ್ದು ಬರುತ್ತಿದ್ದರೆ ಮಾತ್ರ ಏನೂ ಮಾಡದೆ ಕೂಡಲೇ ಆಫ್ ಮಾಡಿ. ಓದುವ ತಲೆ ತಟ್ಟೆಗೆ ತಾಗುತ್ತಿರಬಹುದು, ಪ್ರತಿ ನಿಮಿಷವೂ ನಷ್ಟ. ಆ ಫೈಲ್‌ಗಳು ನಿಜಕ್ಕೂ ಬೇಕಾದರೆ ಸ್ವಚ್ಛ ಕೋಣೆ ಇರುವ ಡೇಟಾ ರಿಕವರಿ ಸಂಸ್ಥೆಗೇ ಕೊಡಬೇಕು. ಖರ್ಚು ಹೆಚ್ಚು, ಖಾತ್ರಿ ಇಲ್ಲ.

ಕೈತಪ್ಪಿ ಅಳಿಸಿದ ಫೋಟೊಗಳಿಗೆ ಫೋಟೊರೆಕ್ ಎಂಬ ಉಚಿತ ಪ್ರೋಗ್ರಾಂ ಚೆನ್ನಾಗಿ ಕೆಲಸ ಮಾಡುತ್ತದೆ. ಕ್ಯಾಮೆರಾ ಕಾರ್ಡ್, ಹಳೆಯ ಹಾರ್ಡ್‌ಡಿಸ್ಕ್‌ಗಳಲ್ಲಿ ಆಸೆ ಇಟ್ಟುಕೊಳ್ಳಬಹುದು. ತಟ್ಟೆಯ ಬದಲು ಚಿಪ್ ಇರುವ ಎಸ್‌ಎಸ್‌ಡಿಯಲ್ಲಿ ಅಳಿಸಿದ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ತಾನೇ ಖಾಲಿ ಮಾಡಿಬಿಡುವುದರಿಂದ ಮರಳಿ ಸಿಗುವುದು ಅಪರೂಪ. ಯಾವುದೇ ಆದರೂ, ಸಿಕ್ಕಿದ್ದನ್ನು ಅದೇ ಡಿಸ್ಕಿನ ಮೇಲೆ ಬರೆಸಬೇಡಿ.

ಈಗ ವಿಂಡೋಸ್ ರಿಪೇರಿ

ಫೈಲ್‌ಗಳು ಹೊರಬಂದ ಮೇಲೆ ಧೈರ್ಯವಾಗಿ ಪ್ರಯೋಗ ಮಾಡಬಹುದು. ವಿಂಡೋಸ್ ಸತತವಾಗಿ ಎರಡು ಮೂರು ಸಲ ಏಳಲಾಗದಿದ್ದರೆ ತಾನಾಗಿಯೇ 'ಆಟೊಮ್ಯಾಟಿಕ್ ರಿಪೇರ್'ಗೆ ಹೋಗುತ್ತದೆ. ಅಲ್ಲಿ 'ಅಡ್ವಾನ್ಸ್ಡ್ ಆಪ್ಶನ್ಸ್' ತೆರೆದು ಮೊದಲು 'ಸ್ಟಾರ್ಟಪ್ ರಿಪೇರ್', ಆಗದಿದ್ದರೆ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್', ಅದೂ ಆಗದಿದ್ದರೆ 'ಸಿಸ್ಟಂ ರಿಸ್ಟೋರ್'. ತೊಂದರೆ ಶುರುವಾದದ್ದು ಅಪ್‌ಡೇಟ್ ಆದ ಮರುದಿನ ಎಂದು ನೆನಪಿದ್ದರೆ ಎರಡನೆಯದರಿಂದಲೇ ಶುರುಮಾಡಿ. 'ಸ್ಟಾರ್ಟಪ್ ಸೆಟ್ಟಿಂಗ್ಸ್'ಗೆ ಹೋಗಿ 4 ಒತ್ತಿದರೆ ಸೇಫ್ ಮೋಡ್. ಹೊಸದಾಗಿ ಹಾಕಿದ ಡ್ರೈವರ್ ಅಥವಾ ಆಂಟಿವೈರಸ್ ತೆಗೆಯಲು ಅದೇ ಜಾಗ. ಕೊನೆಯ ದಾರಿ 'ರೀಸೆಟ್ ದಿಸ್ ಪಿಸಿ'. 'ಕೀಪ್ ಮೈ ಫೈಲ್ಸ್' ಆರಿಸಿದರೆ ನಿಮ್ಮ ಫೈಲ್ ಉಳಿದು ಪ್ರೋಗ್ರಾಂಗಳು ಮಾತ್ರ ಹೋಗುತ್ತವೆ.

ಲಿನಕ್ಸ್ ಹಾಕಿಕೊಳ್ಳುವುದಾದರೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. 2015ರ ಆಸುಪಾಸಿನ ಲ್ಯಾಪ್‌ಟಾಪ್ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಆ ಪಟ್ಟಿಯಲ್ಲಿಲ್ಲ. ಇಂಥ ಯಂತ್ರವನ್ನು ಗುಜರಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಹಳೆಯ ಹಾರ್ಡ್‌ಡಿಸ್ಕ್ ತೆಗೆದು 256 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿ, ಮಿಂಟ್ ಹಾಕಿದರೆ ಮಕ್ಕಳ ಓದು, ಬ್ಯಾಂಕ್ ಕೆಲಸ, ಬರವಣಿಗೆ, ಯೂಟ್ಯೂಬ್‌ಗೆ ಇನ್ನೂ ಹಲವು ವರ್ಷ ಬಾಳುತ್ತದೆ. ಖರ್ಚು ಮಾಡುವುದಾದರೆ ರ‍್ಯಾಮ್‌ಗಿಂತ ಮೊದಲು ಎಸ್‌ಎಸ್‌ಡಿಗೆ ಮಾಡಿ.

ಎಲ್ಲರಿಗೂ ಇದು ಹೊಂದುವುದಿಲ್ಲ. ಟ್ಯಾಲಿ ಓಡಿಸಿಯೇ ಹೊಟ್ಟೆ ಹೊರೆಯುವವರು, ಫೋಟೊಶಾಪ್ ಅಥವಾ ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುವವರು, ಯುಎಸ್‌ಬಿ ಟೋಕನ್‌ನ ಡಿಜಿಟಲ್ ಸಹಿಯಿಂದ ಕಚೇರಿ ಕೆಲಸ ಮಾಡುವವರು ವಿಂಡೋಸ್ ಬಿಡಬೇಡಿ, ಅಥವಾ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಿ.

ಹಾಕುವ ಮೊದಲು ಲೈವ್ ಡೆಸ್ಕ್‌ಟಾಪ್‌ನಲ್ಲೇ ಅರ್ಧ ಗಂಟೆ ಓಡಾಡಿ. ವೈಫೈ, ಸೌಂಡ್, ಕ್ಯಾಮೆರಾ, ಬ್ರೈಟ್‌ನೆಸ್ ಕೀಲಿ, ಮುಚ್ಚಳ ಮುಚ್ಚಿ ತೆರೆದರೆ ಏಳುತ್ತದೆಯೇ, ಮನೆಯ ಪ್ರಿಂಟರ್ ಹಿಡಿಯುತ್ತದೆಯೇ, ಎಲ್ಲ ಪರೀಕ್ಷಿಸಿ. ವೈಫೈ ಕಾಣದಿದ್ದರೆ ಕೈಬಿಡಬೇಡಿ. ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ತಕ್ಷಣ ನೆಟ್ ಸಿಗುತ್ತದೆ, ಆಮೇಲೆ 'ಡ್ರೈವರ್ ಮ್ಯಾನೇಜರ್' ತೆರೆದರೆ ಬ್ರಾಡ್‌ಕಾಮ್‌ನಂಥ ಕಾರ್ಡ್‌ಗಳಿಗೆ ಬೇಕಾದ ಡ್ರೈವರ್ ಅದೇ ಹುಡುಕಿಕೊಡುತ್ತದೆ.

ಇನ್‌ಸ್ಟಾಲ್ ಮಾಡುವುದು ಕಷ್ಟವೇನಲ್ಲ. ಚಾರ್ಜರ್ ಹಾಕಿಟ್ಟು ಐಕಾನ್ ಕ್ಲಿಕ್ಕಿಸಿ, ಭಾಷೆ, ಕೀಬೋರ್ಡ್ ಆರಿಸಿ, ಮಲ್ಟಿಮೀಡಿಯಾ ಕೋಡೆಕ್ ಎಂಬಲ್ಲಿ ಟಿಕ್ ಹಾಕಿ. ನಿಂತು ಯೋಚಿಸಬೇಕಾದ ಪುಟ ಒಂದೇ: 'ಇನ್‌ಸ್ಟಲೇಶನ್ ಟೈಪ್'. 'ಇರೇಸ್ ಡಿಸ್ಕ್' ಎಂದರೆ ಸಿ, ಡಿ ಎರಡೂ, ಇಡೀ ಡಿಸ್ಕ್ ಅಳಿಸುತ್ತದೆ. ವಿಂಡೋಸ್ ಉಳಿಸಿಕೊಳ್ಳುವುದಾದರೆ 'ಅಲಾಂಗ್‌ಸೈಡ್' ಎಂಬುದನ್ನು ಆರಿಸಿ. ಅದಕ್ಕೂ ಮೊದಲು ವಿಂಡೋಸ್‌ನ 'ಡಿಸ್ಕ್ ಮ್ಯಾನೇಜ್‌ಮೆಂಟ್'ನಲ್ಲೇ ಸಿ ಡ್ರೈವ್ ಕುಗ್ಗಿಸಿ 50 ಜಿಬಿಯಾದರೂ ಜಾಗ ಬಿಡಿಸಿ, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿರಬೇಕು. ಹೊಸ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ ವಿಎಂಡಿ ಅಥವಾ ಆರ್‌ಎಸ್‌ಟಿ ಎಂಬ ಸೆಟ್ಟಿಂಗ್ ಕಾರಣವಾಗಿರುತ್ತದೆ. ಅದನ್ನು ಸುಮ್ಮನೆ ಬದಲಿಸಿದರೆ ಇರುವ ವಿಂಡೋಸ್ ಏಳುವುದು ನಿಲ್ಲಬಹುದು. ವಿಂಡೋಸ್ ಬೇಡ ಎಂದಾದರೆ ಮಾತ್ರ ಕೈಹಾಕಿ. ಸಿಕ್ಯೂರ್ ಬೂಟ್ ಇದ್ದಾಗ ಇನ್‌ಸ್ಟಾಲರ್ ಒಂದು ಪಾಸ್‌ವರ್ಡ್ ಇಡಲು ಹೇಳಬಹುದು. ರೀಸ್ಟಾರ್ಟ್ ಆದಾಗ ಬರುವ ನೀಲಿ ಪರದೆಯಲ್ಲಿ 'ಎನ್‌ರೋಲ್ ಎಂಒಕೆ' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು.

ಎರಡೂ ಓಎಸ್ ಇರುವಾಗ ವಿಂಡೋಸ್ ಗಡಿಯಾರ ಕೆಲವೊಮ್ಮೆ ಸರಿಯಾಗಿ ಐದೂವರೆ ತಾಸು ಹಿಂದೆ ತೋರಿಸುತ್ತದೆ. ಲಿನಕ್ಸ್ ಬೋರ್ಡಿನ ಗಡಿಯಾರವನ್ನು ಗ್ರೀನಿಚ್ ಸಮಯದಲ್ಲಿ ಇಡುತ್ತದೆ, ವಿಂಡೋಸ್ ಅದನ್ನು ಭಾರತದ ಸಮಯ ಎಂದು ಓದುತ್ತದೆ. ಬ್ಯಾಟರಿ ಬದಲಿಸುವ ಅಗತ್ಯವಿಲ್ಲ. ಲಿನಕ್ಸ್‌ಗೆ ಸ್ಥಳೀಯ ಸಮಯ ಬಳಸುವಂತೆ ಹೇಳಿದರೆ ಸರಿಹೋಗುತ್ತದೆ.

ಹಾಕಿದ ಮೇಲೆ ಮೊದಲ ದಿನ ಮಾಡಬೇಕಾದದ್ದು ಎರಡು. 'ಅಪ್‌ಡೇಟ್ ಮ್ಯಾನೇಜರ್' ತೆರೆದು ಎಲ್ಲ ಅಪ್‌ಡೇಟ್ ಹಾಕಿ. 'ಟೈಮ್‌ಶಿಫ್ಟ್' ತೆರೆದು ಸಿಸ್ಟಂನ ಆ ಹೊತ್ತಿನ ಸ್ಥಿತಿಯ ಒಂದು ಪ್ರತಿ (ಸ್ನ್ಯಾಪ್‌ಶಾಟ್) ತೆಗೆದಿಡಿ. ಟೈಮ್‌ಶಿಫ್ಟ್ ಕಾಯುವುದು ಸಿಸ್ಟಂ ಫೈಲ್‌ಗಳನ್ನು ಮಾತ್ರ, ನಿಮ್ಮ ಫೋಟೊಗಳನ್ನಲ್ಲ. ಅವಕ್ಕೆ ಬೇರೆ ಡಿಸ್ಕಿನಲ್ಲಿ ಬ್ಯಾಕಪ್ ಇರಲೇಬೇಕು. ಹೊಸ ಪ್ರೋಗ್ರಾಂ ಬೇಕಾದಾಗ ವೆಬ್‌ಸೈಟ್ ಹುಡುಕಿ ಇಎಕ್ಸ್‌ಇ ಇಳಿಸುವ ಅಭ್ಯಾಸ ಬಿಟ್ಟು 'ಸಾಫ್ಟ್‌ವೇರ್ ಮ್ಯಾನೇಜರ್'ನಲ್ಲಿ ಹುಡುಕಿ. ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಕೇಳಿದಾಗ ಟೈಪ್ ಮಾಡಿದ ಅಕ್ಷರ ಕಾಣುವುದಿಲ್ಲ, ನಕ್ಷತ್ರ ಗುರುತು ಮೂಡಬಹುದು ಅಥವಾ ಏನೂ ಮೂಡದಿರಬಹುದು. ಅದು ಹಾಗೇ, ಟೈಪ್ ಮಾಡಿ ಎಂಟರ್ ಒತ್ತಿ. ಅರ್ಥವಾಗದ ಕಮಾಂಡನ್ನು ಎಲ್ಲಿಂದಲೋ ಕಾಪಿ ಮಾಡಿ ಪೇಸ್ಟ್ ಮಾತ್ರ ಮಾಡಬೇಡಿ.

ಮುಂದೊಂದು ದಿನ ಅಪ್‌ಡೇಟ್ ಆದ ಮೇಲೆ ಮಿಂಟೇ ಏಳದಿದ್ದರೆ, ಆನ್ ಆಗುವಾಗ ಎಸ್ಕೇಪ್ ಒತ್ತಿ (ಹಳೆಯ ಬಯೋಸ್‌ನಲ್ಲಿ ಶಿಫ್ಟ್ ಹಿಡಿದು) ಗ್ರಬ್ ಎಂಬ ಬೂಟ್ ಮೆನು ತರಿಸಿ, 'ಅಡ್ವಾನ್ಸ್ಡ್ ಆಪ್ಶನ್ಸ್'ನಲ್ಲಿ ಹಿಂದಿನ ಕರ್ನಲ್ ಆರಿಸಿ. ಬಹಳ ಸಲ ಇಷ್ಟೇ ಸಾಕು. ಆಗದಿದ್ದರೆ ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಅಲ್ಲಿನ ಮೆನುವಿನಲ್ಲಿರುವ 'ಬೂಟ್ ರಿಪೇರ್' ಓಡಿಸಿ, ಅಥವಾ ಟೈಮ್‌ಶಿಫ್ಟ್‌ನಿಂದ ಹಳೆಯ ಸ್ನ್ಯಾಪ್‌ಶಾಟ್ ಮರಳಿಸಿ.

ಕನ್ನಡ ಟೈಪಿಂಗ್, ಹಳೆಯ ನುಡಿ ಫೈಲ್‌ಗಳು

ಯೂನಿಕೋಡ್ (ಈಗ ಮೊಬೈಲ್, ವೆಬ್‌ಸೈಟ್‌ಗಳಲ್ಲೆಲ್ಲ ಬಳಕೆಯಲ್ಲಿರುವ ಅಕ್ಷರ ಸಂಕೇತ) ಕನ್ನಡ ಓದಲು ಮಿಂಟ್‌ನಲ್ಲಿ ಏನೂ ಹಾಕಬೇಕಿಲ್ಲ. ಗುಬ್ಬಿ, ನವಿಲು ಎಂಬ ಅಂದದ ಫಾಂಟ್‌ಗಳು ಬೇಕಾದರೆ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸಿಗುತ್ತವೆ. ಬರೆಯಲು, ಕೀಬೋರ್ಡ್ ಸೆಟ್ಟಿಂಗ್ಸ್‌ನ 'ಲೇಔಟ್' ಭಾಗದಲ್ಲಿ ಹೊಸದನ್ನು ಸೇರಿಸಿ. ಇಂಡಿಯನ್ ಗುಂಪಿನಲ್ಲಿ ಬರೀ 'ಕನ್ನಡ' ಎಂದಿರುವುದು ಇನ್‌ಸ್ಕ್ರಿಪ್ಟ್ ಎಂಬ, ಭಾರತೀಯ ಭಾಷೆಗಳಿಗೆ ಸಮಾನವಾದ ವಿನ್ಯಾಸ. 'ಕನ್ನಡ ಕಗಪ ಫೊನೆಟಿಕ್' ಎಂದಿರುವುದು ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಕೈ ಪಳಗಿದವರಿಗೆಲ್ಲ ಗೊತ್ತಿರುವ ವಿನ್ಯಾಸ. ಎಫ್ ಕೀಲಿ ಒತ್ತಕ್ಷರಕ್ಕೆ ಕೊಂಡಿ, ಡಬ್ಲ್ಯು ಕೀಲಿ ಡಕಾರ. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ 'ಕನ್ನಡ' ಮೂಡುತ್ತದೆ. ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಿಂದ ಬರೆದು ಅಭ್ಯಾಸವಾದವರು ಐಬಸ್ ಎಂಬ ಟೈಪಿಂಗ್ ಸಲಕರಣೆಯ ಜೊತೆಗೆ ಎಂ17ಎನ್ ಎಂಬ ಅದರ ಪೂರಕ ಹಾಕಿಕೊಂಡು ಐಟ್ರಾನ್ಸ್ ಎಂಬ ವಿನ್ಯಾಸ ಆರಿಸಬಹುದು.

ತೊಡಕಿರುವುದು ಹಳೆಯ ಫೈಲ್‌ಗಳಲ್ಲಿ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಬರೆದ ಪತ್ರ, ಕಥೆ, ಠರಾವುಗಳನ್ನು ವರ್ಡ್‌ನಂಥ ಲಿಬ್ರೆಆಫೀಸ್‌ನಲ್ಲಿ ತೆರೆದರೆ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಫೈಲ್ ಕೆಟ್ಟಿಲ್ಲ. ಆ ಫಾಂಟ್ ಇಲ್ಲ, ಅಷ್ಟೇ. ವಿಂಡೋಸ್ ಫೋಲ್ಡರ್‌ನಿಂದ ಕಾಪಿ ಮಾಡಿಟ್ಟುಕೊಂಡ ಟಿಟಿಎಫ್ ಫೈಲ್‌ಗಳನ್ನು ನಿಮ್ಮ ಹೋಮ್ ಫೋಲ್ಡರ್‌ನಲ್ಲಿ 'ಡಾಟ್ ಫಾಂಟ್ಸ್' ಎಂಬ ಹೆಸರಿನ ಫೋಲ್ಡರ್ ಮಾಡಿ ಹಾಕಿ (ಹೆಸರಿನ ಮೊದಲು ಚುಕ್ಕೆ ಇರಬೇಕು, ಮರೆಯಾಗಿದ್ದರೆ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಕಾಣುತ್ತದೆ). ಲಿಬ್ರೆಆಫೀಸ್ ಮುಚ್ಚಿ ತೆರೆದರೆ ಕನ್ನಡ ಬರುತ್ತದೆ.

ಮುಂದಿನ ಬಳಕೆಗೆ ಆ ಬರಹವನ್ನು ಆಸ್ಕಿಯಿಂದ, ಅಂದರೆ ಆ ಹಳೆಯ ಫಾಂಟ್‌ಗಳ ಸಂಕೇತದಿಂದ, ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಇದಕ್ಕೆ ಉಚಿತ ಪರಿವರ್ತಕಗಳಿವೆ. ಮೂಲ ಫೈಲ್ ಹಾಗೇ ಇರಲಿ, ಅದರ ನಕಲಿನ ಮೇಲೆ ಕೆಲಸ ಮಾಡಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಬರುವ ಪದಗಳು, ಒತ್ತಿನ ಮೇಲೆ ಒತ್ತು ಬರುವ ಪದಗಳು, ನಡುವೆ ಬಂದಿರುವ ಇಂಗ್ಲಿಷ್ ಹೆಸರುಗಳು, ಇಷ್ಟನ್ನು ಮೂಲದ ಪಕ್ಕ ಇಟ್ಟು ಓದಿ ತಿದ್ದಿಕೊಳ್ಳಿ. ತಪ್ಪುಗಳು ಹೆಚ್ಚಾಗಿ ನುಸುಳುವುದು ಅಲ್ಲೇ.